ಬೆಣ್ಣೆ ಬಿಟ್ಟ ಬಾಣಂತಿ

ಬೆಣ್ಣೆ ಬಿಡಬೇಕು ಎಂದು ಮಕ್ಕಳ ಡಾಕ್ಟರು ಹೇಳಿದಾಗ ನನಗೆ ನಗು ಬಂತು. ನಗುವ ಹೊತ್ತೇನೂ ಆಗಿರಲಿಲ್ಲ. ತೊಡೆಯ ಮೇಲೆ ಮೂರು ತಿಂಗಳ ಕೂಸು ಕಾಲನ್ನು ಹೊಟ್ಟೆಗೆ ಮಡಚಿಕೊಂಡು ಚೀರುತ್ತಿತ್ತು. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ನಾನು ತಂದಿದ್ದ ಕೂಸಿನ ಬಟ್ಟೆಯಿತ್ತು, ಅದಕ್ಕಂಟಿದ ಮಲದಲ್ಲಿ ಎಳೆಎಳೆಯಾಗಿ ರಕ್ತವಿತ್ತು. ಅಂಥ ಹೊತ್ತಿನಲ್ಲಿ ನಗುವ ತಾಯಿಯನ್ನು ಡಾಕ್ಟರು ಮೊದಲ ಸಲ ನೋಡಿರಬೇಕು. ಕನ್ನಡಕ ತೆಗೆದು ಒರೆಸಿಕೊಂಡು ಇನ್ನೊಮ್ಮೆ ನಿಧಾನವಾಗಿ ಹೇಳಿದರು.

“ಕೂಸಿಗೆ ಆಕಳದ್ದು, ಎಮ್ಮಿದ್ದು ಹಾಲಿನ ಅಂಶ ಆಗಿ ಬರೂದಿಲ್ರಿ. ನೀವು ತಿಂದದ್ದು ನಿಮ್ಮ ಎದಿಹಾಲಿನಾಗ ಇಳೀತೈತಿ, ಅದು ಕೂಸಿನ ಕರಳಿಗೆ ತ್ರಾಸ ಕೊಡತೈತಿ. ಹಾಲು, ಮೊಸರು, ಮಜ್ಜಗಿ, ಬೆಣ್ಣಿ, ತುಪ್ಪ, ಖವಾ, ಪೇಢೆ, ಕುಂದಾ, ಎಲ್ಲಾ ಬಂದ್.”

“ತುಪ್ಪಾನೂ ಏನ್ರಿ?”

“ತುಪ್ಪಾನೂ. ಸ್ವಲ್ಪ ತಿಂದ್ರ ನಡೀತೈತಿ ಅನ್ನೂ ಲೆಕ್ಕ ಇಲ್ಲರಿ ಇದರಾಗ. ಮುಂದಿನ ಸಲ ಬರೂತನಾ ನೋಡೂಣು. ಆಗಲೂ ರಕ್ತ ನಿಲ್ಲಲಿಲ್ಲಂದ್ರ ಎದಿಹಾಲು ಬಿಡಿಸಿ ಬ್ಯಾರೆ ಪುಡಿ ಸುರು ಮಾಡೂಣು.”

ಆ ಕೊನೆಯ ಮಾತಿಗೆ ನನ್ನ ನಗು ಸತ್ತಿತು. ಮದುವೆಯಾಗಿ ಎಷ್ಟೋ ವರ್ಷಕ್ಕೆ ಹುಟ್ಟಿದ ಕೂಸು. ಹೆರಿಗೆಯಾದ ಮೇಲೆ ಹಾಲು ಇಳಿಯುವುದು ತಡವಾಗಿ, ನರ್ಸುಗಳು, ನೆಂಟರು, ಬಾಜು ಮಂಚದ ಬಾಣಂತಿಯ ಅತ್ತೆ, ಎಲ್ಲರೂ ಬಂದು ಒಂದೊಂದು ಉಪದೇಶ ಮಾಡಿ ಹೋಗಿದ್ದರು. ಆಮೇಲೆ ಒಂದು ಮುಂಜಾನೆ ಹಾಲು ಇಳಿದಾಗ ನಾನು ಅತ್ತಿದ್ದೆ. ಹಾಗೆ ಬಂದ ಹಾಲನ್ನು ಈಗ ಬಿಡಿಸುವ ಮಾತು. ಪುಡಿ ಕುಡಿದ ಮಕ್ಕಳೂ ಚೆನ್ನಾಗಿಯೇ ಬೆಳೆಯುತ್ತಾರೆ, ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ಬೇಡವಾಗಿತ್ತು. ನನ್ನ ಕೂಸು ನನ್ನ ಹಾಲು ಕುಡಿಯಬೇಕು ಎಂಬ ಹಟ, ಅಷ್ಟೇ.

ನಗು ಯಾಕೆ ಬಂದಿತ್ತು ಎಂಬುದನ್ನೂ ಹೇಳಬೇಕು. ನನ್ನ ತವರು ಪಾರಿಶ್ವಾಡ. ಹಿಂದೆ ಕುರಿ ಕಾಯುತ್ತಿದ್ದ ಮನೆತನ. ಕುರಿ ಹೋಗಿ ಈಗ ಎಮ್ಮೆಗಳಿವೆ. ನಮ್ಮವ್ವನಿಗೆ ಬೆಣ್ಣೆ ಅಡುಗೆಯ ಸಾಮಾನಲ್ಲ, ಅವಳ ಬಾಯಿಯ ಮಾತು. ಪರೀಕ್ಷೆ ಪಾಸಾದರೆ ಬೆಣ್ಣೆ, ಫೇಲಾದರೆ ಇನ್ನಷ್ಟು ಬೆಣ್ಣೆ. ಜ್ವರ ಬಂದರೆ ಅಂಗಾಲಿಗೆ ಬೆಣ್ಣೆ, ಬೈದ ಮೇಲೆ ರೊಟ್ಟಿಯ ಮೇಲೆ ಬೆಣ್ಣೆ. ಬಾಣಂತನಕ್ಕೆ ತವರಿಗೆ ಹೋದಾಗ ಬಿಸಿ ಜೋಳದ ರೊಟ್ಟಿಯ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ, ಅದರಲ್ಲಿ ಬೆಣ್ಣೆಯ ಉಂಡೆ ಇಟ್ಟು, ಕರಗುವವರೆಗೆ ಎದುರಿಗೆ ಕುಕ್ಕುರಗಾಲಲ್ಲಿ ಕೂತು ಕಾಯುತ್ತಿದ್ದಳು. ನಾನು ತಿನ್ನುತ್ತಿದ್ದೆ, ಕೂಸು ಕುಡಿಯುತ್ತಿತ್ತು, ಕುಡಿದು ಚೀರುತ್ತಿತ್ತು. ಚೀರಿದಷ್ಟೂ ಅವ್ವ, ಬಾಣಂತಿಗೆ ಸಾಲುತ್ತಿಲ್ಲ ಎಂದು ಇನ್ನೊಂದು ಉಂಡೆ ಇಡುತ್ತಿದ್ದಳು. ಬಟ್ಟೆಯಲ್ಲಿ ರಕ್ತ ಕಂಡ ದಿನವೇ ಗಂಡ ಬಂದು ನಮ್ಮಿಬ್ಬರನ್ನೂ ಬೆಳಗಾವಿಗೆ, ಸದಾಶಿವನಗರದ ನಮ್ಮ ಬಾಡಿಗೆ ಮನೆಗೆ ಕರೆತಂದರು.

ಅವ್ವನಿಗೆ ಫೋನಿನಲ್ಲಿ ಡಾಕ್ಟರ ಮಾತು ಹೇಳಿದೆ. ಆ ಕಡೆ ಎಮ್ಮೆ ಕೂಗುವುದು ಮಾತ್ರ ಕೇಳುತ್ತಿತ್ತು.

“ಬೆಣ್ಣಿ ಬಿಟ್ರ ಬಾಣಂತಿ ಎದ್ದ ನಿಲ್ತಾಳೇನ?” ಅಂದಳು ಕೊನೆಗೆ. “ಆ ಡಾಕ್ಟರಿಗೆ ಅವ್ವ ಇಲ್ಲೇನ?”

“ಇರತಾಳಬೇ. ಆಕಿ ಎಮ್ಮಿ ಕಟ್ಟಿಲ್ಲ, ಅಷ್ಟ.”

“ನೀ ಬಾಯಿ ಮಾಡಬ್ಯಾಡ. ಹಾಲ ಬಿಟ್ಟು ಹಾಲ ಎಲ್ಲಿಂದ ತರ್ತಿ? ನಿಂದು ಮೊದಲ ತಡಾ ಆಗಿ ಇಳದದ್ದು.”

ನಾನು ಫೋನ್ ಇಟ್ಟೆ.

ಬೆಣ್ಣೆ ಒಂದು ಮನೆಯಲ್ಲಿ ಏನೇನು ಮಾಡುತ್ತದೆ ಎಂದು ನಾನು ಯೋಚಿಸಿದ್ದು ಅದು ಇಲ್ಲವಾದ ಮೇಲೆ. ಒಣ ರೊಟ್ಟಿಯನ್ನು ಗಂಟಲಿಗೆ ಇಳಿಸುವುದು ಅದೇ. ಕೆಂಪು ಚಟ್ನಿಯ ಖಾರವನ್ನು ಬಾಯಿಗೆ ಹೊಂದಿಸುವುದೂ ಅದೇ. ಹುಗ್ಗಿಗೆ, ಹೋಳಿಗೆಗೆ, ಬಿಸಿ ಅನ್ನಕ್ಕೆ ಆ ಪರಿಮಳ ಕೊಡುವುದೂ ಅದೇ. ಬೆಣ್ಣೆ ಬಿಟ್ಟ ಮೊದಲ ದಿನಗಳಲ್ಲಿ ತಟ್ಟೆಯ ಮುಂದೆ ಕೂತರೆ ಊಟ ಮುಗಿದಂತೆಯೇ ಅನಿಸುತ್ತಿರಲಿಲ್ಲ. ಹೊಟ್ಟೆ ತುಂಬುತ್ತಿತ್ತು, ಬಾಯಿ ಮಾತ್ರ ಇನ್ನೂ ಏನನ್ನೋ ಕೇಳುತ್ತಿತ್ತು. ಹಾಲೂಡಿಸುವವರ ಹಸಿವು ಗೊತ್ತಿದ್ದವರಿಗೇ ಗೊತ್ತು. ಎದ್ದು ಡಬ್ಬಿಗಳನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಕೂಸನ್ನು ಹೆಗಲಿಗೆ ಹಾಕಿಕೊಂಡು ಪಡಸಾಲೆಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಗ್ಯಾಲರಿಗೆ ತಿರುಗುತ್ತಿದ್ದೆ.

“ಒಂದ ಕಡೆ ಕುಂದರ ನೀ,” ಎಂದು ಗಂಡ ಅನ್ನುತ್ತಿದ್ದರು.

“ನೀವ ಕುಂದರ್ರಿ. ನಿಮಗ ಬೆಣ್ಣಿ ಐತಿ,” ಎಂದು ನಾನು ಹಾರಿಬೀಳುತ್ತಿದ್ದೆ. ಪಾಪ, ಅವರೂ ಬಿಟ್ಟಿದ್ದರು. ಮನೆಯಲ್ಲಿ ಬೆಣ್ಣೆಯ ವಾಸನೆಯೂ ಇರಬಾರದೆಂದು ನಾನೇ ಬಿಡಿಸಿದ್ದೆ.

ಮೊದಲು ಅಂಗಡಿಗೆ ಹೋದೆ. ರೊಟ್ಟಿಗೆ ಹಚ್ಚುವ ಎಣ್ಣೆಯ ಬೆಣ್ಣೆ ಸಿಗುತ್ತದಲ್ಲ, ಬೇಕರಿಯವರು ಬಳಸುತ್ತಾರಲ್ಲ, ಅದು. ಅಂಗಡಿಯವ ಹಳದಿ ಡಬ್ಬಿಯೊಂದನ್ನು ಮುಂದಿಟ್ಟು, “ಇದು ಎಣ್ಣಿದ ಐತ್ರಿ ಮೇಡಂ, ಹಾಲಿಂದಲ್ಲ,” ಅಂದ. ತಿರುಗಿಸಿ ನೋಡಿದರೆ ಇರುವೆಯಂಥ ಅಕ್ಷರಗಳಲ್ಲಿ ಹಾಲಿನ ಘನಾಂಶ ಎಂದು ಬರೆದಿತ್ತು. ತೋರಿಸಿದೆ. ಅವನು ಡಬ್ಬಿಯನ್ನು ಬೆಳಕಿಗೆ ಹಿಡಿದು, “ಏ, ಖರೇನ ಐತಲ್ರಿ,” ಎಂದು ನನಗಿಂತ ಹೆಚ್ಚು ಆಶ್ಚರ್ಯಪಟ್ಟ. ವನಸ್ಪತಿಯಲ್ಲಿ ಹಾಲೇನೂ ಇರಲಿಲ್ಲ. ತಂದು ರೊಟ್ಟಿಗೆ ಹಚ್ಚಿದೆ. ನಾಲಿಗೆಯ ಮೇಲೆ ಮೇಣ ಬಳಿದಂತಾಗಿ, ಬಿಸಿನೀರು ಕುಡಿದರೂ ಹೋಗಲಿಲ್ಲ. ಡಬ್ಬಿಯನ್ನು ಬಾಜು ಮನೆಯ ಹಿರಿಯ ಹೆಂಗಸಿಗೆ, ನಾವು ಕಾಕು ಅನ್ನುವವರಿಗೆ, ಕೊಟ್ಟೆ. ಅವರು ಅದರಲ್ಲಿ ಶಂಕರಪಾಳಿ ಮಾಡಿ ನಮಗೇ ತಂದುಕೊಟ್ಟರು.

ಆಮೇಲೆ ಶೇಂಗಾ. ನಮ್ಮ ಕಡೆಯವರಿಗೆ ಕಷ್ಟ ಬಂದಾಗ ಕೈ ಮೊದಲು ಹೋಗುವುದೇ ಶೇಂಗಾದ ಚೀಲಕ್ಕೆ. ಹುರಿದು, ಸಿಪ್ಪೆ ತೂರಿ, ಮಿಕ್ಸರಿಗೆ ಹಾಕಿದೆ. ಮೊದಲು ಹುಡಿಯಾಯಿತು, ಆಮೇಲೆ ಮುದ್ದೆಯಾಯಿತು. ಅಲ್ಲಿಗೆ ಬಿಟ್ಟರೆ ಉಂಡೆ ಕಟ್ಟಬಹುದು, ಹಚ್ಚಲಾಗುವುದಿಲ್ಲ. ಇನ್ನೂ ತಿರುಗಿಸುತ್ತಿದ್ದರೆ ತಾನೇ ಎಣ್ಣೆ ಬಿಟ್ಟು ಸಡಿಲಾಗುತ್ತದೆ. ಅಷ್ಟು ಹೊತ್ತು ತಾಳ್ಮೆಯಿಲ್ಲದ ನಾನು ಮಿಕ್ಸರಿನ ಮುಚ್ಚಳ ಒತ್ತಿ ಹಿಡಿದೇ ಇದ್ದೆ, ಅದು ಸುಟ್ಟ ವಾಸನೆ ಹೊಡೆದು ನಿಂತುಬಿಟ್ಟಿತು. ಆದರೂ ಸಿಕ್ಕ ಶೇಂಗಾ ಬೆಣ್ಣೆ ಕೆಟ್ಟದ್ದೇನೂ ಆಗಿರಲಿಲ್ಲ. ಚಿಟಿಕೆ ಉಪ್ಪು ಹಾಕಿ ರೊಟ್ಟಿಗೆ ಹಚ್ಚಿದೆ. ಅಂಗುಳಕ್ಕೆ ಹಿಡಿದುಕೊಂಡಿತು, ಬಿಡಲಿಲ್ಲ. ಮಾತಾಡಲು ಬಾಯಿ ಬರುವುದಿಲ್ಲ, ಮನೆಯಲ್ಲಿ ಸ್ವಲ್ಪ ಶಾಂತಿಯಾದರೂ ಇರುತ್ತದೆ ಎಂದು ಗಂಡ ಮೆಚ್ಚಿಕೊಂಡರು.

ತೆಂಗಿನಕಾಯಿ ತುರಿದು, ಹಾಲು ಹಿಂಡಿ, ಫ್ರಿಜ್ಜಿನಲ್ಲಿಟ್ಟು, ಮೇಲೆ ಕಟ್ಟಿದ ಕೆನೆಯನ್ನು ಕಡೆದೆ. ನೋಡಲು ನಮ್ಮವ್ವನ ಬೆಣ್ಣೆಯೇ. ಹೋಳಿಗೆಗೆ ಛಲೋ ಹೊಂದಿತು. ಆದರೆ ಜೋಳದ ರೊಟ್ಟಿ, ಝುಣಕ, ಹಸಿ ಉಳ್ಳಾಗಡ್ಡಿಯ ನಡುವೆ ಅದು ದಾರಿ ತಪ್ಪಿ ಬಂದ ನೆಂಟರಂತೆ ಸಿಹಿಸಿಹಿಯಾಗಿ ಕೂತಿತ್ತು. ಬಿಳಿ ಎಳ್ಳು ಅರೆದು ನೋಡಿದೆ, ಕೊನೆಯಲ್ಲಿ ಕಹಿ. ಮುಂಜಾನೆ ಒಂದು ಮಾಡುವುದು, ಮಧ್ಯಾಹ್ನ ಅದನ್ನು ಬೈಯುವುದು, ಸಂಜೆ ಇನ್ನೊಂದಕ್ಕೆ ನೆನೆಹಾಕುವುದು. ಇದರ ನಡುವೆ ದಿನವೂ ಕೂಸಿನ ಬಟ್ಟೆ ಬಿಚ್ಚಿ ನೋಡುತ್ತಿದ್ದೆ. ರಕ್ತದ ಎಳೆ ಒಂದು ದಿನ ಕಾಣುತ್ತಿರಲಿಲ್ಲ, ಮರುದಿನ ಕಾಣುತ್ತಿತ್ತು.

ನಾನು ಕೆಲಸ ಮಾಡುವ ಕಾಲೇಜಿನ ಲೈಬ್ರರಿಯಲ್ಲಿ ನನ್ನ ಜೊತೆಗಾತಿಯೊಬ್ಬಳಿದ್ದಾಳೆ. ಕಣಕುಂಬಿಯವಳು. ಮನೆಯಲ್ಲಿ ಮರಾಠಿ, ನನ್ನ ಜೊತೆ ಕನ್ನಡ, ಸಿಟ್ಟು ಬಂದರೆ ಎರಡೂ. ಕೂಸನ್ನು ನೋಡಲು ಬಂದವಳು ನನ್ನ ಅಡುಗೆಮನೆಯ ಕಟ್ಟೆಯ ಮೇಲಿದ್ದ ಬಟ್ಟಲುಗಳ ಸಾಲು ನೋಡಿ ಸೊಂಟಕ್ಕೆ ಕೈ ಇಟ್ಟುಕೊಂಡಳು.

“ಅಗಂ ಬಾಯಿ! ಇದೇನ ಬಾಣಂತಿ ಮನೀನೋ, ಎಣ್ಣಿ ಗಾಣಾನೋ? ನಮ್ಮ ಕಡೆ ಕೋಕಂ ಬೀಜದ್ದು ತುಪ್ಪ ತಗೀತಾರ. ಹಿಮ್ಮಡ ಒಡದ್ರ ಹಚ್ಚತೀವಿ. ನಮ್ಮ ಆಜಿ ಅದರಾಗ ಅಡಗೀನೂ ಮಾಡ್ತಿದ್ಲು. ಬೇಕೇನ?”

“ಹಿಮ್ಮಡಕ್ಕ ಹಚ್ಚೂದು ನನಗ ತಿನ್ನಸ್ತೀ?”

“ತಲಿಗಿ ಹಚ್ಚೂ ಕೊಬ್ಬರಿ ಎಣ್ಣಿ ನೀ ತಿನ್ನೂದಿಲ್ಲೇನ?” ಎಂದಳು. ತಾ ಎಂದೆ.

ಊರಿಗೆ ಹೋಗಿ ಬಂದಾಗ ತಂದುಕೊಟ್ಟಳು. ಮುಷ್ಟಿಯಲ್ಲಿ ಒತ್ತಿ ಕಟ್ಟಿದ ಗಟ್ಟಿ ಉಂಡೆಗಳು, ಮೇಲೆ ಬೆರಳುಗಳ ಗುರುತು ಹಾಗೇ ಇತ್ತು. ಕೋಕಂ, ಅಂದರೆ ಮುರುಗಲ ಹಣ್ಣಿನ ಬೀಜ ಕುಟ್ಟಿ ನೀರಿನಲ್ಲಿ ಕುದಿಸಿದರೆ ಮೇಲೆ ತೇಲಿಬರುವ ಜಿಡ್ಡಂತೆ ಅದು. ಚೂರು ಬಾಯಿಗೆ ಹಾಕಿಕೊಂಡೆ. ಮೊದಲು ಕಲ್ಲು, ಆಮೇಲೆ ಒಮ್ಮೆಲೇ ನೀರು. ವಾಸನೆಯಿಲ್ಲ, ರುಚಿಯೂ ಇಲ್ಲ. ಆದರೆ ಬಾಯಲ್ಲಿ ಕರಗಿದ ಆ ರೀತಿ ಇತ್ತಲ್ಲ, ಅದು ಬೆಣ್ಣೆಯದೇ. ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಗಟ್ಟಿತನ ಇದರದ್ದು, ಸಡಿಲ ಶೇಂಗಾ ಎಣ್ಣೆಯದ್ದು, ನುಣುಪು ತೆಂಗಿನ ಕೆನೆಯದ್ದು. ಪರಿಮಳಕ್ಕೆ ಏನು? ಅವ್ವ ಬೆಣ್ಣೆ ಕಾಸುವಾಗ ಕೊನೆಯಲ್ಲಿ ಒಂದು ವೀಳ್ಯದೆಲೆ ಹಾಕುತ್ತಾಳೆ. ಬೆಣ್ಣೆ ಇಲ್ಲದಿದ್ದರೇನು, ಎಲೆ ಇದೆಯಲ್ಲ.

ಗಾಣದ ಎಣ್ಣೆ ಬಿಸಿ ಮಾಡಿ ಎಲೆ ಬಿಟ್ಟೆ, ಚರಚರ ಎಂದು ಮುರುಟಿದ ಮೇಲೆ ತೆಗೆದೆ. ಅದರಲ್ಲೇ ಕೋಕಂ ಉಂಡೆ ಕರಗಿಸಿದೆ. ಆರುತ್ತ ಬಂದಾಗ ತೆಂಗಿನ ಕೆನೆ, ಉಪ್ಪು, ಕಂಡೂ ಕಾಣದಷ್ಟು ಅರಿಸಿನ ಹಾಕಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಕೈಬಿಡದೆ ತಿರುವಿದೆ. ತಿರುವುತ್ತಿದ್ದಂತೆ ಸೌಟು ಭಾರವಾಯಿತು. ಬಾಜು ಮನೆಯ ಕಾಕು ಗ್ಯಾಲರಿಯಿಂದಲೇ, “ತುಪ್ಪ ಕಾಸೀರೇನ್ರಿ? ಡಾಕ್ಟರ ಬ್ಯಾಡಂದಾರಲಾ!” ಎಂದು ಕೂಗಿದರು. ಅಷ್ಟು ದಿನಗಳಲ್ಲಿ ನನಗೆ ಮೊದಲ ಸಲ ಖುಷಿಯಾದದ್ದು ಆಗ. ಅಂದು ರೊಟ್ಟಿಯ ನಡುವೆ ಹೆಬ್ಬೆರಳಿನಿಂದ ಗುಳಿ ಮಾಡಿ ತಿಂದೆ. ಎಮ್ಮೆಯ ಬೆಣ್ಣೆಯ ಹುಳಿ ಅದಕ್ಕಿರಲಿಲ್ಲ, ಉಳಿದದ್ದೆಲ್ಲ ಇತ್ತು.

ಅದನ್ನು ತಿಂದ ಎರಡನೆಯ ಮುಂಜಾನೆ ಬಟ್ಟೆ ಬಿಚ್ಚಿದರೆ ಹಿಂದೆಂದಿಗಿಂತ ಹೆಚ್ಚು ರಕ್ತವಿತ್ತು.

ಖುಷಿ ಇಳಿದ ಜಾಗದಲ್ಲಿ ಸಂಶಯ ಹೊಕ್ಕಿತು. ಕೋಕಂ ತುಪ್ಪ ಕಾಯಿಸಿದ ಪಾತ್ರೆಯಲ್ಲಿ ಮೊದಲು ಹಾಲು ಕಾಸಿದ್ದರೋ ಏನೋ ಎಂದು ಅದನ್ನು ಬಿಟ್ಟೆ. ಜೊತೆಗಾತಿ ಕೇಳಿ ಮುಖ ಊದಿಸಿಕೊಂಡಳು. ಗಾಣದವನ ಕ್ಯಾನಿನ ಮೇಲೆ ಸಂಶಯ ಬಂದು ಆ ಎಣ್ಣೆ ಬಿಟ್ಟೆ. ತೆಂಗು ಬಿಟ್ಟೆ, ಎಳ್ಳು ಬಿಟ್ಟೆ, ಅಂಗಡಿಯ ಬ್ರೆಡ್ಡು, ಬಿಸ್ಕೀಟು ಮೊದಲೇ ಬಿಟ್ಟಿದ್ದೆ. ಮನೆಯ ಪಾತ್ರೆಗಳನ್ನೆಲ್ಲ ಸೋಡಾ ಹಾಕಿ ಕುದಿಸಿದೆ. ಲಟ್ಟಣಿಗೆ ಬಿಸಾಕಿದೆ. ಗಂಡ ಆಫೀಸಿನಲ್ಲಿ ಚಹಾ ಕುಡಿದು ಬಂದು ಕೂಸಿಗೆ ಮುತ್ತು ಕೊಡಬಾರದು ಎಂದೆ. ಊರೆಲ್ಲ ಕಳ್ಳರಂತೆ ಕಾಣತೊಡಗಿತು. ಕೊನೆಗೆ ನಾನು ನಂಬಿ ತಿನ್ನುವಂತೆ ಉಳಿದದ್ದು ಒಂದೇ, ಅವ್ವ ಕಳಿಸುತ್ತಿದ್ದ ಡಬ್ಬಿ.

ಅವ್ವ ಮೊದಲು ಸಿಟ್ಟು ಮಾಡಿದರೂ ಆಮೇಲೆ ಒಪ್ಪಿಕೊಂಡಿದ್ದಳು. ವಾರಕ್ಕೊಮ್ಮೆ ಪಾರಿಶ್ವಾಡದ ಮುಂಜಾನೆಯ ಬಸ್ಸಿನಲ್ಲಿ ಡಬ್ಬಿಗಳು ಬರುತ್ತಿದ್ದವು. ಶೇಂಗಾ ಚಟ್ನಿ, ಅಗಸಿ ಚಟ್ನಿ, ತುಪ್ಪದ ಬದಲು ಎಣ್ಣೆಯಲ್ಲಿ ಹುರಿದ ಅಂಟಿನ ಉಂಡಿ. ಪ್ರತಿಸಲ ಫೋನು ಮಾಡಿ, “ಬೆಣ್ಣಿ ಇಲ್ಲ, ತುಪ್ಪ ಇಲ್ಲ. ಬಸವಣ್ಣನಾಣಿ,” ಎಂದು ಹೇಳುತ್ತಿದ್ದಳು. ಡಬ್ಬಿಯ ತಳದಲ್ಲಿ ಚಟ್ನಿ ಮೆತ್ತಗಾಗಿ ಹೆಂಟೆಗಟ್ಟಿರುತ್ತಿತ್ತು. ಅಗಸಿ ಎಣ್ಣೆ ಬಿಟ್ಟಿರಬೇಕು ಎಂದುಕೊಂಡು ಆ ಹೆಂಟೆಗಳನ್ನೇ ಹುಡುಕಿ ಹುಡುಕಿ ಮೊದಲು ತಿನ್ನುತ್ತಿದ್ದೆ, ಅದೇ ಹೆಚ್ಚು ರುಚಿ.

“ಊರಿಂದ ಬರತಾವಲಾ ಡಬ್ಬಿ,” ಎಂದು ಗಂಡ ಒಂದು ದಿನ ಮೆಲ್ಲಗೆ ಶುರು ಮಾಡಿದರು.

“ಏನ?”

“ಏನಿಲ್ಲ. ಎಲ್ಲಾ ಬಿಟ್ಟಿ. ಅದೊಂದ ಉಳದೈತಿ, ಅದಕ್ಕ ಅಂದೆ.”

“ನಮ್ಮವ್ವನ ಮ್ಯಾಲೆ ಸಂಶೇ ಪಡ್ತೀರೇನ? ತಾಯಿಗಿಂತ ಬಂಧು ಇಲ್ಲ ಅಂತಾರ, ನಿಮಗೇನ ಗೊತ್ತು?”

ಅವರು ಬಟ್ಟೆ ಒಣಹಾಕುವ ನೆಪ ಮಾಡಿ ಗ್ಯಾಲರಿಗೆ ಹೋದರು. ಆದರೆ ಮಾತು ಹೋಗಲಿಲ್ಲ, ನನ್ನ ಜೊತೆ ಮನೆಯೆಲ್ಲ ತಿರುಗಿತು. ಡಾಕ್ಟರ ಹತ್ತಿರ ಹೋಗುವ ದಿನ ಹತ್ತಿರ ಬರುತ್ತಿತ್ತು. ಸೋತಂತೆಯೇ ಎಂದು ನನಗೆ ಅನಿಸಿತ್ತು. ಹಾಲು ಬಿಡಿಸುವುದಾದರೆ ಅದನ್ನು ಅವ್ವನಿಗೆ ಫೋನಿನಲ್ಲಿ ಹೇಳಬಾರದು, ಎದುರಿಗೆ ಹೇಳಿ ಅವಳ ತೊಡೆಯ ಮೇಲೆ ತಲೆಯಿಟ್ಟು ಅಳಬೇಕು ಅನಿಸಿತು. ಗಂಡ ಆಫೀಸಿಗೆ ಹೋದ ಮೇಲೆ ಕೂಸನ್ನು ಎತ್ತಿಕೊಂಡು ಖಾನಾಪುರದ ಬಸ್ಸು ಹತ್ತಿದೆ. ಯಾರಿಗೂ ಹೇಳಲಿಲ್ಲ.

ಖಾನಾಪುರದಲ್ಲಿ ಇಳಿದು ಪಾರಿಶ್ವಾಡದ ಬಸ್ಸಿಗೆ ಕಾಯಬೇಕಾಯಿತು. ನಿಲ್ದಾಣದ ಕ್ಯಾಂಟೀನಿನಲ್ಲಿ ಹಾಲಿಲ್ಲದ ಚಹಾ ಕೇಳಿದೆ. “ಕೋರಾ ಚಹಾ ಏನ್ರಿ? ಹಾಲ ಛಲೋ ಐತ್ರಿ ತಾಯಿ, ದಪ್ಪ ಐತಿ,” ಎಂದ ಚಹಾದವ. ಎಲ್ಲರಿಗೂ ನನಗೆ ಹಾಲು ಕುಡಿಸುವುದೇ ಕೆಲಸ. ಕೂಸು ಅಳತೊಡಗಿತು. ಸೆರಗು ಮುಚ್ಚಿಕೊಂಡು ಕಟ್ಟೆಯ ಮೂಲೆಯಲ್ಲಿ ಕೂತು ಎದೆಗೆ ಹಾಕಿಕೊಂಡೆ. ಕುಡಿಯುತ್ತ ಕುಡಿಯುತ್ತ ಅದು ನನ್ನ ಬೆರಳು ಹಿಡಿದುಕೊಂಡಿತು. ಇನ್ನು ಎಷ್ಟು ಸಲ ಹೀಗೆ ಎಂದು ದುಃಖ ಉಕ್ಕಿಬಂತು. ಬಾಜು ಕೂತಿದ್ದ ಹೆಂಗಸು ಏನೂ ಕೇಳದೆ ತನ್ನ ಚೀಲವನ್ನು ನನ್ನ ಮುಂದೆ ಅಡ್ಡ ಇಟ್ಟು, ಓಡಾಡುವವರಿಗೆ ಬೆನ್ನು ಮಾಡಿ ಕೂತಳು.

ತವರಿನ ಬಾಗಿಲು ತೆರೆದೇ ಇತ್ತು. ಅಪ್ಪ ಹೊಲಕ್ಕೆ ಹೋಗಿದ್ದ. ಅವ್ವ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದಳು. ಮುಂದೆ ನಾನು ತೊಳೆದು ಕಳಿಸಿದ್ದ ಸ್ಟೀಲಿನ ಡಬ್ಬಿ, ಬಾಜು ಪರಾತದಲ್ಲಿ ಆಗಷ್ಟೇ ಕುಟ್ಟಿದ ಅಗಸಿ ಚಟ್ನಿ. ಕೂಗಬೇಕು ಅನ್ನುವಷ್ಟರಲ್ಲಿ ಅವಳು ಬಲಗೈಯನ್ನು ಬೆಣ್ಣೆಯ ಗಡಿಗೆಯೊಳಗೆ ಇಳಿಸಿದಳು. ನಾಲ್ಕೂ ಬೆರಳಿಗೆ ಬೆಣ್ಣೆ ತೆಗೆದುಕೊಂಡು ಡಬ್ಬಿಯ ಒಳಗೆ, ತಳಕ್ಕೆ, ಸುತ್ತ ಅಂಚಿಗೆ, ಗೋಡೆಗೆ ಸುಣ್ಣ ಬಳಿಯುವವರ ಶ್ರದ್ಧೆಯಿಂದ ಬಳಿದಳು. ತುಟಿ ಏನೋ ಅನ್ನುತ್ತಿತ್ತು. ಆಮೇಲೆ ಕೈ ತೊಳೆದು ಒರೆಸಿಕೊಂಡು, ಒಣ ಚಮಚ ತೆಗೆದುಕೊಂಡು, ಬಹಳ ಎಚ್ಚರಿಕೆಯಿಂದ ಚಟ್ನಿ ತುಂಬತೊಡಗಿದಳು.

“ಯವ್ವಾ, ಏನ ಮಾಡಾಕತ್ತಿ?”

ಬೆಚ್ಚಿ ತಿರುಗಿದಳು. ಮುಖ ಅರಳಿತು. “ಬಂದಿಯೇನ ನನ್ನವ್ವಾ! ಫೋನರೆ ಹಚ್ಚಬಾರದ? ಕೊಡಿಲ್ಲೆ ಕೂಸಿನ.”

“ಡಬ್ಬಿಗಿ ಏನ ಹಚ್ಚಿದಿ?”

“ಬೆಣ್ಣಿ,” ಅಂದಳು, ಹೊತ್ತು ಕೇಳಿದರೆ ಹೊತ್ತು ಹೇಳುವಷ್ಟು ಸಹಜವಾಗಿ. ನನ್ನ ಮುಖ ನೋಡಿ ಮುಂದುವರಿಸಿದಳು. “ಅದು ನಿನಗ ತಿನ್ನಾಕಲ್ಲ ಬೇ, ಡಬ್ಬಿಗಿ. ಹೈನದ ಮನಿಯಿಂದ ಒಣಾ ಡಬ್ಬಿ ಹೊರಗ ಹೋಗಬಾರದು. ಕೆಚ್ಚಲ ಬತ್ತತಾವು. ಚಟ್ನಿಯೊಳಗ ಏನೂ ಹಾಕಿಲ್ಲ, ಬಸವಣ್ಣನಾಣಿ.”

ಹಾಲು, ಬೆಣ್ಣೆ ಮಾಡುವ ಮನೆಗಳಲ್ಲಿ ಇಂಥದ್ದೊಂದು ಪದ್ಧತಿ ಇದೆ ಎಂದು ಎಲ್ಲೋ ಕೇಳಿದ ನೆನಪು ಆಗ ಬಂತು. ಹೊರಗೆ ಹೋಗುವ ಪಾತ್ರೆಗೆ ಬೆರಳ ತುದಿಯಷ್ಟು ಬೆಣ್ಣೆ ಮುಟ್ಟಿಸಿ ಕಳಿಸುತ್ತಾರೆ. ನಾನು ಆ ಮನೆಯೊಳಗೆ ಬೆಳೆದವಳು, ಹೊರಗೆ ಹೋಗುವ ಡಬ್ಬಿಯ ಒಳಗನ್ನು ನೋಡುವ ಪ್ರಸಂಗವೇ ಬಂದಿರಲಿಲ್ಲ. ಮದುವೆಯಾದ ಮೇಲೆ ಬಂದ ಡಬ್ಬಿಗಳಲ್ಲಿ ಹೇಗೂ ಬೆಣ್ಣೆ, ತುಪ್ಪ ಸುರಿಯುತ್ತಿತ್ತು, ಬಳಿದದ್ದು ಯಾರಿಗೆ ಕಾಣಬೇಕು? ಶಾಸ್ತ್ರಕ್ಕೆ ಬೆರಳ ತುದಿ ಸಾಕು. ನಮ್ಮವ್ವನ ಕೈಗೆ ಬೆರಳ ತುದಿಯಷ್ಟು ಎಂಬ ಅಳತೆ ಗೊತ್ತಿಲ್ಲ. ಕೈಯಲ್ಲಿ ಬೆಣ್ಣೆ ಹಿಡಿದುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರು ಅನ್ನುತ್ತಾರಲ್ಲ, ನಾನು ಊರೆಲ್ಲ ಕಳ್ಳರನ್ನು ಹುಡುಕಿ ಬಂದದ್ದೂ ಅದೇ ಬಾಬತ್ತಿನದು. ಗಾಣದವನ ಮೇಲೆ, ಕಣಕುಂಬಿಯ ಗೆಳತಿಯ ಮೇಲೆ, ಗಂಡನ ಚಹಾದ ಮೇಲೆ ಸಂಶಯಪಟ್ಟು, ಹೆಂಟೆಗಳನ್ನು ಆರಿಸಿ ತಿಂದಿದ್ದೆ.

ಡಬ್ಬಿಯನ್ನು ಕಸಿದುಕೊಂಡು ಅಂಗಳಕ್ಕೆ ಎಸೆದೆ. ಚಟ್ನಿ ಚೆಲ್ಲಿತು, ಕೋಳಿಗಳು ಓಡಿಬಂದವು.

“ನಿನ್ನ ಎಮ್ಮಿ ಕೆಚ್ಚಲ ಉಳೀಲಿ! ನನ್ನ ಕೂಸಿನ ಕರಳ ಹರೀಲಿ!” ಎಂದು ಚೀರಿದೆ. ಕೂಸು ಬೆದರಿ ಅಳತೊಡಗಿತು. ಅದರ ಮೇಲೆ ನನ್ನ ದನಿ ಇನ್ನೂ ಏರಿತು. “ರಕ್ತ ಹೊಂಟೈತಿ ಯವ್ವಾ ಕೂಸಿಗಿ. ರಕ್ತ! ಹಾಲ ಬಿಡಸಂತಾರ ಡಾಕ್ಟರು. ಎಲ್ಲಾ ಬಿಟ್ಟೆ ನಾ, ಎಲ್ಲಾ. ನಿನ್ನ ಎಮ್ಮಿ ಸಲುವಾಗಿ ನನ್ನ ಕೂಸಿನ ಹಾಲ ಬಿಡಸಲೇನ?”

ಅವ್ವ ಎದ್ದು ನಿಂತಿದ್ದಳು. ನನ್ನ ಮಾತಿಗೆ ತಿರುಗಿ ಒಂದಾದರೂ ಅನ್ನದೆ ಬಿಟ್ಟವಳಲ್ಲ ಅವಳು. ಅಂದು ಬಾಗಿ ಬೆಣ್ಣೆಯ ಗಡಿಗೆಯ ಬಾಯಿ ಮುಚ್ಚಿದಳು. ಆಮೇಲೆ ನೆಲ ನೋಡುತ್ತ ಹೇಳಿದಳು.

“ಎಮ್ಮಿ ಸಲುವಾಗಿ ಅಲ್ಲವಾ. ಎಮ್ಮಿಗಿ ಆದ್ರ ಒಂದ ಬೆರಳ ಹಚ್ಚತಿದ್ದೆ. ನಿನ್ನ ಹಾಲ ಬತ್ತಬಾರದಂತ ಹಚ್ಚೀನಿ.”

ಅದನ್ನು ಕೇಳಿಸಿಕೊಂಡೂ ನನ್ನ ಸಿಟ್ಟು ಇಳಿಯಲಿಲ್ಲ. ಇಳಿಯಬೇಕಿತ್ತೇನೋ. ನೀರು ಕೂಡ ಕುಡಿಯದೆ, ಬಂದ ಬಸ್ಸು ತಿರುಗಿ ಹೊರಡುವಷ್ಟರಲ್ಲಿ ಅದನ್ನೇ ಹತ್ತಿ ಕೂತೆ. ಅವ್ವ ಬಸ್‌ನಿಲ್ದಾಣದವರೆಗೆ ಹಿಂದೆಯೇ ಬಂದಳು. ಕಿಟಕಿಯ ಹತ್ತಿರ ಬರಲಿಲ್ಲ, ಬೇವಿನ ಗಿಡದ ಕೆಳಗೆ ನಿಂತೇ ಇದ್ದಳು.

ಮನೆಗೆ ಬಂದು ತವರಿನ ಡಬ್ಬಿಗಳನ್ನೆಲ್ಲ ಮೂಲೆಗೆ ಹಾಕಿದೆ. ಗಂಡನಿಗೆ ಹೇಳಿದೆ. ನಾನು ಮೊದಲೇ ಹೇಳಿದ್ದೆ ಎಂದು ಅವರು ಅನ್ನಲಿಲ್ಲ, ಅದಕ್ಕೆ ಅವರ ಮೇಲೆ ನನಗೆ ಇವತ್ತಿಗೂ ಮರ್ಯಾದೆಯಿದೆ. ಕಣಕುಂಬಿಯ ಗೆಳತಿಗೆ ಫೋನು ಮಾಡಿ ಇನ್ನೊಮ್ಮೆ ಉಂಡೆ ಬೇಡಿದೆ. “ಆತಾ ಕಸಂ?” ಈಗ ಹೇಗೆ, ಎಂದು ಚುಚ್ಚಿ, ತಂದುಕೊಟ್ಟಳು. ನನ್ನ ಬೆಣ್ಣೆಯನ್ನು ಮತ್ತೆ ಮಾಡಿಕೊಂಡೆ. ಡಾಕ್ಟರ ಬಳಿ ಹೋಗಿ ನಡೆದದ್ದನ್ನು ಹೇಳಿ ಇನ್ನೂ ಸ್ವಲ್ಪ ದಿನ ಕೊಡಿರಿ ಎಂದು ಕೈಮುಗಿದೆ. ಅವರು ಕೇಳಿ ನಕ್ಕರು, ಕೊಟ್ಟರು. ದಿನವೂ ಮುಂಜಾನೆ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ರಕ್ತದ ಎಳೆ ತೆಳ್ಳಗಾಯಿತು, ಆಮೇಲೆ ಹುಡುಕಿದರೆ ಮಾತ್ರ ಕಾಣುವಂತಾಯಿತು, ಆಮೇಲೆ ಹುಡುಕಿದರೂ ಸಿಗಲಿಲ್ಲ. ಕೂಸು ಕುಡಿದು ಕಾಲು ಮಡಚದೆ ಮಲಗಿದ ದಿನ ನಾನು ಅದರ ಬಾಜು ಮಲಗಿ ಕಾಯುತ್ತಲೇ ಇದ್ದೆ, ಚೀರಲಿಲ್ಲ. “ಎದಿಹಾಲು ಬಿಡಸೂದು ಬ್ಯಾಡ್ರಿ, ಹಿಂಗ ನಡೀಲಿ,” ಎಂದರು ಡಾಕ್ಟರು.

ಅವ್ವನಿಗೆ ಫೋನು ಮಾಡಿ ಹೇಳಿದೆ. “ಹೌದ? ಛಲೋ ಆತು,” ಎಂದು ಇಟ್ಟುಬಿಟ್ಟಳು. ಡಬ್ಬಿಗಳು ಬರುವುದು ನಿಂತಿತ್ತು. ಬಾ ಎಂದರೆ ಎಮ್ಮೆ ಈದಿದೆ ಅನ್ನುತ್ತಿದ್ದಳು, ಅಪ್ಪನಿಗೆ ಕೆಮ್ಮು ಅನ್ನುತ್ತಿದ್ದಳು. ಗೆದ್ದದ್ದು ನಾನೇ. ಆದರೂ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಸದಾಶಿವನಗರದ ಆ ಎರಡು ಕೋಣೆಗಳಲ್ಲಿ ಮತ್ತೆ ತಿರುಗುವುದು ಶುರುವಾಯಿತು, ಈಗ ಕೂಸು ಅಳದಿದ್ದರೂ. ಅವ್ವ ಸಿಟ್ಟು ಮಾಡಿಕೊಂಡಿದ್ದಾಳೆ, ಹೋಗಿ ಕಾಲು ಹಿಡಿಯಬೇಕೋ, ಇಲ್ಲ ಅವಳೇ ಬರಲಿ ಅನ್ನಬೇಕೋ ಎಂದು ದಿನಕ್ಕೊಂದು ತೀರ್ಮಾನ ಮಾಡುತ್ತಿದ್ದೆ.

ಕೂಸು ಮಗ್ಗುಲಾಗಲು ಕಲಿತ ಮೇಲೆ ಒಂದು ದಿನ ಹೇಳದೆ ಕೇಳದೆ ಬಂದಳು. ಚೀಲದಲ್ಲಿ ಬದನೆಕಾಯಿ, ಹಸಿ ಶೇಂಗಾ ಇದ್ದವು. ಒಳಗೆ ಬಂದು ಗೋಡೆಗೆ ಒರಗಿ ಕೂತಳು. ಗಂಡ ತಂದಿಟ್ಟ ಚಹಾ ಮುಟ್ಟಲಿಲ್ಲ, ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಿದ್ದಳು. ಕೂಸು ಚಾಪೆಯ ಮೇಲೆ ಮಗ್ಗುಲಾಗಿ, ಅವಳ ಕಡೆ ನೋಡಿ, ಬಾಯಿ ಅಗಲ ಮಾಡಿ ನಕ್ಕಿತು. ಅವ್ವನೂ ನಕ್ಕಳು. ಮುಂದೆ ಬಾಗಿದಳು, ಮತ್ತೆ ಹಿಂದೆ ಸರಿದು ಕೂತಳು. ನನ್ನ ಮೇಲಿನ ಸಿಟ್ಟನ್ನು ಕೂಸಿನ ಮೇಲೂ ತೀರಿಸುತ್ತಾಳೆಯೇ ಎಂದು ನನಗೆ ರೇಗಿತು.

“ಎತ್ತಿಕೋ ಯವ್ವಾ. ಯಾಕ ಪರಕೀಯರಂಗ ಕುಂತಿ?”

“ಬ್ಯಾಡ,” ಅಂದಳು. “ಮುಂಜಾನೆ ಎಮ್ಮಿ ಹಿಂಡಿ ಬಂದೀನಿ.”

ನನಗೆ ತಟ್ಟನೆ ತಿಳಿಯಲಿಲ್ಲ. ಅವಳು ಸೆರಗಿನಿಂದ ಕೈ ಹೊರಗೆ ತೆಗೆದು ನನ್ನ ಮುಂದೆ ಚಾಚಿದಳು. ಬಟ್ಟೆ ತೊಳೆಯುವ ಸಾಬೂನಿನಿಂದ ತಿಕ್ಕಿ ತಿಕ್ಕಿ ಅಂಗೈ ಬೆಳ್ಳಗೆ ಬಿರಿದಿತ್ತು, ಬೆರಳ ಸಂದಿ ಕೆಂಪಾಗಿತ್ತು.

“ಮನ್ಯಾಗ ತೊಳದೆ. ಬಸ್‌ಸ್ಟ್ಯಾಂಡಿನ ನಳದಾಗ ತೊಳದೆ. ನೋಡ, ಇನ್ನೂ ವಾಸನಿ ಐತಿ. ಹೋಗೂದಿಲ್ಲಿದು. ಹೆಂಗ ಮುಟ್ಟಲೆವಾ?”

ಅಷ್ಟು ದಿನ ಅವಳು ಬರದೆ ಇದ್ದದ್ದು ಯಾಕೆಂದು ಆಗ ತಿಳಿಯಿತು. ಕೂಸನ್ನು ಎತ್ತಿ ತಂದು ಅವಳ ಮಡಿಲಲ್ಲಿ ಇಟ್ಟೆ. ಅದು ಉರುಳದಂತೆ ಅವ್ವ ಮೊಳಕೈಗಳಿಂದ ತಡೆದು ಎದೆಗೆ ಒತ್ತಿಕೊಂಡಳು, ಕೆನ್ನೆಯನ್ನು ಅದರ ತಲೆಗೆ ತಾಗಿಸಿದಳು. ಕೂಸು ಅವಳ ತಾಳಿ ಹಿಡಿದು ಜಗ್ಗತೊಡಗಿತು.

“ಕೈ ಹಚ್ಚು ಯವ್ವಾ,” ಎಂದೆ.

“ಇರಲಿ ಬಿಡ,” ಅಂದಳು. ಅಂಗೈಗಳೆರಡನ್ನೂ ಕೂಸಿನ ಮೈಗೆ ತಾಗದಂತೆ ಮೇಲೆ ಎತ್ತಿ ಹಿಡಿದೇ ಇದ್ದಳು.